ಹಳೇ ಜೀಪಿಗೆ ಇಷ್ಟು ತಾಪತ್ರಯ, 60 ವರ್ಷದ ಹೆಲಿಕಾಪ್ಟರ್‌ಗೆ ಯಾರು ಎಫ್‌ಸಿ ಕೊಡುತ್ತಾರೆ?

ಹಳೇಜೀಪು, ತೀರ್ಥಹಳ್ಳಿ

ಮೊನ್ನೆ ನಮ್ಮ ಜೀಪಿನ ಆರ್‌ಸಿ ರಿನ್ಯೂವಲ್‌ಗೆ ಶಿವಮೊಗ್ಗಕ್ಕೆ ಹೋಗಿದ್ದೆ. 1987ರ ಎಂಎಂ 540, ಅಪ್ಪ ತೆಗೆದುಕೊಂಡಿದ್ದು. ಹ್ಯಾಂಡ್‌ಬ್ರೇಕ್ ಹಿಡಿಯಲ್ಲ, ಒಂದು ಹೆಡ್‌ಲೈಟ್ ಆಕಾಶ ನೋಡುತ್ತದೆ, ಸರಿ ಮಾಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ತಪ್ಪು ನನ್ನದೇ ಬಿಡಿ. ಅಲ್ಲೇ ಮರದ ಕೆಳಗೆ ಕೂತು ಮೊಬೈಲ್ ನೋಡುವಾಗ ಚಿನೂಕ್ ಹೆಲಿಕಾಪ್ಟರ್ ವಿಡಿಯೋ ಬಂತು. ಮುಂದೊಂದು ಹಿಂದೊಂದು ಫ್ಯಾನ್ ಇರೋದು, ಗೊತ್ತಲ್ವಾ. ಅದು ಮೊದಲು ಹಾರಿದ್ದು 1961ರ ಸೆಪ್ಟೆಂಬರ್‌ನಲ್ಲಿ. ಆಗಿನ್ನೂ ಲಿಂಗನಮಕ್ಕಿ ಡ್ಯಾಮ್ ಕೆಲಸವೇ ಮುಗಿದಿರಲಿಲ್ಲ! ಅಮೆರಿಕದವರು 2060ರ ದಶಕದ ತನಕ ಹಾರಿಸುವ ಲೆಕ್ಕದಲ್ಲಿದ್ದಾರಂತೆ. ನೆಲದ ಮೇಲೆ ಓಡುವ ಜೀಪಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಪರೀಕ್ಷೆ. ಸರ್ಕಾರಿ ಗಾಡಿಯಾದರೆ 2023ರ ಏಪ್ರಿಲ್‌ನಿಂದ 15 ವರ್ಷಕ್ಕೇ ಗುಜರಿ. ಹಾಗಿದ್ದ ಮೇಲೆ ಇಪ್ಪತ್ತು ಟನ್ ದಾಟಿದ ಹಳೇ ಯಂತ್ರವನ್ನು ಜನರನ್ನು ಕೂರಿಸಿಕೊಂಡು ಮೇಲೆ ಕಳಿಸುವುದು ಯಾವ ಧೈರ್ಯದ ಮೇಲೆ? ತಿಳಿದವರು ಹೇಳಿ.

ಅಡಿಕೆಸಿಪ್ಪೆ

ಮಾರಾಯ, ಮೊದಲು ಹ್ಯಾಂಡ್‌ಬ್ರೇಕ್ ಸರಿ ಮಾಡಿಸು. ಆಗುಂಬೆ ಘಾಟಿಯಲ್ಲಿ ನಿನ್ನ ಹಿಂದೆ ಬರುವವರು ನಾವೂ ಇದ್ದೇವೆ.

ಮಾಜಿ ಏರ್‌ಮನ್, ಸೊಗಾನೆ ಕಡೆ

ನಾನು ಏರ್ ಫೋರ್ಸ್‌ನಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದವನು, ಜಾಸ್ತಿ ವರ್ಷ ಎಂಐ 8 ಮೇಲೆ. ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಕಲಸಿಹೋಗಿವೆ. ಮಾದರಿಯ ವಯಸ್ಸು ಬೇರೆ, ಒಂದೊಂದು ಹೆಲಿಕಾಪ್ಟರ್‌ನ ವಯಸ್ಸು ಬೇರೆ. ಚಿನೂಕ್ ಮಾದರಿ 1961ರದು ನಿಜ. ನಮ್ಮ ದೇಶ 2015ರಲ್ಲಿ ಆರ್ಡರ್ ಮಾಡಿ 2019ರ ಮಾರ್ಚ್‌ನಲ್ಲಿ ಚಂಡೀಗಢದಲ್ಲಿ ಸೇರಿಸಿಕೊಂಡ ಚಿನೂಕ್‌ಗಳು ಹೊಸವು. ಒಟ್ಟು 15.

ಆದರೆ ನಿಜವಾಗಿ ವಯಸ್ಸಾದವೂ ಹಾರುತ್ತವೆ, ಅದೂ ಹೌದು. ಅಲ್ಲಿ ನೀವು ತಿಳಿಯಬೇಕಾದ್ದು ಏನೆಂದರೆ ಹೆಲಿಕಾಪ್ಟರ್‌ಗೆ ಒಂದು ವಯಸ್ಸು ಅಂತ ಇರುವುದಿಲ್ಲ. ಒಂದೊಂದು ಭಾಗಕ್ಕೆ ಒಂದೊಂದು. ರೋಟರ್ ಬ್ಲೇಡ್‌ಗೆ ಇಷ್ಟು ಗಂಟೆ, ನಡುವಿನ ಹಬ್‌ಗೆ ಇಷ್ಟು, ಗೇರ್‌ಬಾಕ್ಸ್ ಇಷ್ಟು ಗಂಟೆಗೆ ಬಿಚ್ಚಿ ಓವರ್‌ಹಾಲ್ ಅಂತ ಬರೆದಿರುತ್ತದೆ. ಗಂಟೆ ಮುಗಿದ ದಿನ ಆ ಭಾಗ ಹೊಳೆಯುತ್ತಿದ್ದರೂ ಕೆಳಗೆ ಇಳಿಯಬೇಕು. "ಚೆನ್ನಾಗೇ ಇದೆಯಲ್ಲ, ಇನ್ನೊಂದು ಮಳೆಗಾಲ ಓಡಲಿ" ಅನ್ನುವ ಮಾತೇ ಇಲ್ಲ. ಪ್ರತಿ ಭಾಗಕ್ಕೂ ನಂಬರ್, ಪ್ರತಿ ನಂಬರಿಗೂ ಲಾಗ್‌ಕಾರ್ಡ್. ಕಾರ್ಡ್ ಕಳೆದುಹೋದರೆ ಭಾಗ ಎಷ್ಟೇ ಗಟ್ಟಿ ಇದ್ದರೂ ಅದು ಕಬ್ಬಿಣದ ತುಂಡು ಅಷ್ಟೆ.

ಒಂದು ಹೇಳುತ್ತೇನೆ. ಎಂಐ 8ಕ್ಕೆ ಐದು ಬ್ಲೇಡ್. ಬ್ಲೇಡಿನ ಉದ್ದಕ್ಕೂ ಒಳಗೆ ಟೊಳ್ಳಾದ ಅಲ್ಯೂಮಿನಿಯಂ ತೊಲೆ ಇರುತ್ತದೆ. ಅದರಲ್ಲಿ ಗಾಳಿ ತುಂಬಿ ಮುಚ್ಚಿರುತ್ತಾರೆ. ಬುಡದಲ್ಲಿ ಹೆಬ್ಬೆರಳು ಗಾತ್ರದ ಒಂದು ಪಾರದರ್ಶಕ ಟೋಪಿ. ಎಲ್ಲೋ ಕೂದಲೆಳೆ ಬಿರುಕು ಬಿಟ್ಟರೂ ಗಾಳಿ ಸೋರುತ್ತದೆ, ಆ ಟೋಪಿಯೊಳಗೆ ಕೆಂಪು ಪಟ್ಟಿ ಮೇಲೆ ಬರುತ್ತದೆ. ಬೆಳಗ್ಗೆ ಇಬ್ಬನಿ ಹೋಗುವ ಮೊದಲೇ ಮೇಲೆ ಹತ್ತಿ ಐದೂ ಟೋಪಿ ಒರೆಸಿ ನೋಡುವುದು ನನ್ನ ಕೆಲಸ. ಕೈಯಲ್ಲಿ ಒಂದು ಹಳೇ ಬನಿಯನ್ ತುಂಡು. ಕೆಂಪು ಕಂಡರೆ ಆ ದಿನ ಹಾರಾಟವಿಲ್ಲ, ಮಂತ್ರಿ ಬಂದು ನಿಂತಿದ್ದರೂ ಇಲ್ಲ. 1972ರ ಹೊತ್ತಿಗೆ ಬಂದ ಎಂಐ 8ಗಳಿಗೆ 2017ರ ಡಿಸೆಂಬರ್‌ನಲ್ಲಿ ನಮ್ಮ ಯಲಹಂಕದಲ್ಲೇ ವಿದಾಯ ಹೇಳಿದರು. 45 ವರ್ಷ.

ಹಳೇಜೀಪು, ತೀರ್ಥಹಳ್ಳಿ

ಸರ್, ಅಂದರೆ ಎಲ್ಲ ಭಾಗ ಬದಲಾಗುತ್ತಾ ಹೋದರೆ ಅದೇ ಹೆಲಿಕಾಪ್ಟರ್ ಅಂತ ಹೇಳುವುದು ಹೇಗೆ? ಹೆಸರು ಮಾತ್ರ ಹಳೇದು ಅಂದ ಹಾಗಾಯಿತು.

ಆಟೋಕಾಂಪ್ಲೆಕ್ಸ್

ಸಾಗರ ರಸ್ತೆಗೆ ಬನ್ನಿ ಅಣ್ಣ, ನಮ್ಮ ಸಾಲಿನಲ್ಲಿ ಅಂಥ ಲಾರಿಗಳು ಬೇಕಾದಷ್ಟು ಇವೆ. ಕ್ಯಾಬಿನ್ ಒಂದರದ್ದು, ಎಂಜಿನ್ ಇನ್ನೊಂದರದ್ದು, ಡ್ರೈವರ್ ಮಾತ್ರ ಒರಿಜಿನಲ್.

ಮಾಜಿ ಏರ್‌ಮನ್, ಸೊಗಾನೆ ಕಡೆ

ನಗು ಬಂತು. ಆದರೆ ನಡೆಯುವುದು ಹಾಗೇ. ಅಮೆರಿಕದ ಸೈನ್ಯ 1980ರ ದಶಕದಲ್ಲಿ ತನ್ನ ಹಳೇ ಎ, ಬಿ, ಸಿ ಮಾದರಿಯ ಚಿನೂಕ್‌ಗಳನ್ನು ಕಾರ್ಖಾನೆಗೆ ವಾಪಸ್ ಕಳಿಸಿ, ಬಿಚ್ಚಿ, ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್, ಹೊಸ ಬ್ಲೇಡ್ ಹಾಕಿ ಡಿ ಅಂತ ಮಾಡಿಸಿತು. ಆಮೇಲೆ ಬಹಳಷ್ಟು ಡಿಗಳ ಭಾಗ ಎಫ್‌ಗಳಿಗೆ ಹೋದವು.

ಬ್ರಿಟನ್‌ನ ಒಂದು ಚಿನೂಕ್ ಇದೆ, ಜಡ್‌ಎ 718. ಎಲ್ಲರೂ ಕರೆಯುವುದು ಬ್ರಾವೊ ನವೆಂಬರ್ ಅಂತ. 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಚಿನೂಕ್‌ಗಳನ್ನು ಹೊತ್ತ ಹಡಗಿಗೆ ಮೇ 25ರಂದು ಕ್ಷಿಪಣಿ ಬಿತ್ತು. ಹಡಗಿನಲ್ಲಿದ್ದವೆಲ್ಲ ಸುಟ್ಟುಹೋದವು. ಆ ಹೊತ್ತಿಗೆ ಗಾಳಿಯಲ್ಲಿದ್ದ ಇದೊಂದೇ ಉಳಿಯಿತು. ಬಿಡಿಭಾಗ, ಟೂಲ್ಸ್, ಮ್ಯಾನುಯಲ್ ಎಲ್ಲ ಹಡಗಿನ ಜೊತೆ ಹೋಯಿತು. ಒಂದು ಸ್ಪ್ಯಾನರ್‌ಗೂ ಗತಿ ಇಲ್ಲದೆ ಆ ಯುದ್ಧ ಮುಗಿಯುವ ತನಕ ಓಡಿತು. ಆಮೇಲೆ ಇರಾಕ್, ಅಫ್ಘಾನಿಸ್ತಾನ. ಬೇರೆ ಬೇರೆ ವರ್ಷಗಳಲ್ಲಿ ಅದರ ನಾಲ್ಕು ಪೈಲಟ್‌ಗಳಿಗೆ ಶೌರ್ಯ ಪದಕ ಬಂತು. 2022ರಲ್ಲಿ ಮ್ಯೂಸಿಯಂ ಸೇರಿತು. ಫಾಕ್‌ಲ್ಯಾಂಡ್ಸ್‌ನಲ್ಲಿ ಹಾರಿದ ಎಷ್ಟು ಭಾಗ ಮ್ಯೂಸಿಯಂ ತನಕ ಬಂದಿರಬಹುದು ಅಂತ ನನ್ನನ್ನು ಕೇಳಬೇಡಿ. ಆ ಬಾಡಿ, ಆ ನಂಬರ್ ಪ್ಲೇಟು ಬಂದಿರುತ್ತದೆ.

ಎರಕದಮನೆ, ಭದ್ರಾವತಿ

ಗಂಟೆ ಲೆಕ್ಕದ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ, ಮಾಚೇನಹಳ್ಳಿಯಲ್ಲಿ ಫೌಂಡ್ರಿ ಕೆಲಸ ನಂದು, ಕ್ವಾಲಿಟಿ ಸೆಕ್ಷನ್.

ಲೋಹಕ್ಕೆ ವಯಸ್ಸಾಗುವುದು ವರ್ಷದಿಂದ ಅಲ್ಲ. ಗಂಟೆಯಿಂದಲೂ ಪೂರ್ತಿ ಅಲ್ಲ. ಎಷ್ಟು ಸಲ ಭಾರ ಬಿತ್ತು, ಎಷ್ಟು ಸಲ ಇಳಿಯಿತು ಅನ್ನುವುದರಿಂದ. ಹುಲಿಕಲ್ ಘಾಟಿ ಹತ್ತುವ ಲಾರಿಯ ಲೀಫ್ ಸ್ಪ್ರಿಂಗ್ ಓವರ್‌ಲೋಡ್ ಆದ ದಿನವೇ ಮುರಿಯುವುದಿಲ್ಲ. ಖಾಲಿ ಬರುವಾಗ, ಯಾವುದೋ ಸಣ್ಣ ಗುಂಡಿಯಲ್ಲಿ ಟಪ್ ಅನ್ನುತ್ತದೆ. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಮೂಲೆಯಿಂದ ಅರ್ಧಚಂದ್ರದ ಗೆರೆಗಳು, ಸಾಗುವಾನಿ ಕೊಯ್ದಾಗ ಉಂಗುರ ಕಾಣುವುದಿಲ್ಲವೇ, ಹಾಗೆ. ಪ್ರತಿ ಗೆರೆಯೂ ಬಿರುಕು ಒಂದು ಹೆಜ್ಜೆ ಮುಂದೆ ಹೋದ ಗುರುತು. ಉಳಿದ ಭಾಗ ಒರಟಾಗಿ ಬೂದು ಬಣ್ಣ ಇರುತ್ತದೆ, ಅದು ಕೊನೆಯ ಕ್ಷಣದಲ್ಲಿ ಮುರಿದದ್ದು. ನಾನು ಟ್ರೈನಿಂಗ್‌ಗೆ ಬರುವ ಹುಡುಗರಿಗೆ ಇದನ್ನೇ ಮೊದಲು ತೋರಿಸುತ್ತೇನೆ. ಅವರು ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ, ಅದು ಬೇರೆ.

ನಾವು ಬಿರುಕು ಹುಡುಕಲು ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸ್ಪ್ರೇ ಮಾಡುತ್ತೇವೆ. ಹತ್ತು ನಿಮಿಷ ಬಿಟ್ಟರೆ ಕಣ್ಣಿಗೆ ಕಾಣದ ಗೆರೆ ಕುಂಕುಮದ ಎಳೆ ಹಾಗೆ ಎದ್ದು ಬರುತ್ತದೆ. ವಿಮಾನದ ಭಾಗಕ್ಕೂ ಇದೇ ಪರೀಕ್ಷೆ ಇದೆ, ಜೊತೆಗೆ ಅಲ್ಟ್ರಾಸೌಂಡ್, ಎಕ್ಸ್‌ರೇ ಎಲ್ಲ.

ಹಾಗಾಗಿ ಏರ್‌ಮನ್ ಸರ್, ನನ್ನ ಅನುಮಾನ: ಭಾರ ಎತ್ತುವ ಹೆಲಿಕಾಪ್ಟರ್‌ಗೆ ಗಂಟೆ ಲೆಕ್ಕ ಸಾಲುತ್ತದಾ?

ಮಾಜಿ ಏರ್‌ಮನ್, ಸೊಗಾನೆ ಕಡೆ

ಸಾಲುವುದಿಲ್ಲ. ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಮಂತ್ರಿಗಳನ್ನು ಕೂರಿಸಿಕೊಂಡು ಒಂದು ಗಂಟೆ ನೇರ ಹಾರುವುದಕ್ಕೂ, ಒಂದು ಗಂಟೆಯಲ್ಲಿ ಇಪ್ಪತ್ತು ಸಲ ದಿಮ್ಮಿ ಎತ್ತಿ ಇಳಿಸುವುದಕ್ಕೂ ಹೋಲಿಕೆ ಇಲ್ಲ. ಅದಕ್ಕೇ ಕೆಲವು ಭಾಗಗಳಿಗೆ ಗಂಟೆಯ ಜೊತೆ ಎತ್ತಿದ ಸಲವನ್ನೂ ಲೆಕ್ಕ ಬರೆಯುತ್ತಾರೆ. ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಹೆಲಿಕಾಪ್ಟರ್‌ನಿಂದಲೇ ಮರ ಸಾಗಿಸುತ್ತಾರೆ, ಉದ್ದ ಹಗ್ಗ ಇಳಿಬಿಟ್ಟು, ಕೆಲವೇ ನಿಮಿಷಕ್ಕೊಂದು ಎತ್ತು. ಆ ಕೆಲಸದಲ್ಲಿರುವ ಚಿನೂಕ್‌ಗಳ ಕಥೆ ಕೇಳಿ.

1981ರಲ್ಲಿ ಚಿನೂಕ್‌ನ ಪ್ರಯಾಣಿಕರ ಮಾದರಿ ಬಂತು. ಉತ್ತರ ಸಮುದ್ರದ ತೈಲ ಬಾವಿಗಳಿಗೆ ಕೆಲಸಗಾರರನ್ನು ಕರೆದೊಯ್ಯಲು. ಚಿನೂಕ್‌ನ ಎರಡೂ ರೋಟರ್ ಒಂದರ ಜಾಗದಲ್ಲಿ ಇನ್ನೊಂದು ಹಾದುಹೋಗುತ್ತವೆ. ನಮ್ಮಲ್ಲಿ ಹಿಂದೆ ಇಬ್ಬರು ಹೆಂಗಸರು ಒಂದೇ ಒರಳಿಗೆ ಎರಡು ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದರಲ್ಲ, ಹಾಗೆ. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ತಾಳ ಕಾಯುವುದು ಮುಂದಿನ ಹಿಂದಿನ ಗೇರ್‌ಬಾಕ್ಸ್ ಸೇರಿಸುವ ಶಾಫ್ಟು. 1986ರ ನವೆಂಬರ್ 6ರಂದು ಶೆಟ್‌ಲ್ಯಾಂಡ್‌ನ ಸಂಬರಾ ಹತ್ತಿರ ಒಂದರ ಮುಂದಿನ ಗೇರ್‌ಬಾಕ್ಸ್‌ನ ಗೇರ್ ಬಿರುಕು ಬಿಟ್ಟು ಹೋಯಿತು. ತಾಳ ತಪ್ಪಿತು. ಬ್ಲೇಡಿಗೆ ಬ್ಲೇಡು ಬಡಿಯಿತು. 47 ಜನರಲ್ಲಿ 45 ಜನ ಸತ್ತರು.

ಆ ಹೆಲಿಕಾಪ್ಟರ್ ಹಳೇದಲ್ಲ, ಗಮನಿಸಿ. ಬದಲಾಯಿಸಿ ಹಾಕಿದ ಹೊಸ ನಮೂನೆಯ ಗೇರ್ ಅದು. ಆಮೇಲೆ ಜನರನ್ನು ಕರೆದೊಯ್ಯುವ ಕೆಲಸದಿಂದ ಆ ಮಾದರಿ ಹಿಂದೆ ಸರಿಯಿತು. ಉಳಿದವು ಅಮೆರಿಕದ ಕಂಪನಿಯೊಂದಕ್ಕೆ ಹೋಗಿ ದಿಮ್ಮಿ ಎತ್ತಲು ನಿಂತವು. ದಶಕಗಳ ಕಾಲ ಎತ್ತಿದವು.

ಗಾಜನೂರು ಹಿನ್ನೀರು

ದಿಮ್ಮಿ ಎತ್ತುವುದು ಅಂದ ಕೂಡಲೇ ನನಗೆ ಸಕ್ರೆಬೈಲು ನೆನಪಾಯಿತು. ನಮ್ಮ ಅಜ್ಜ ಕೂಪಿನ ಕೆಲಸಕ್ಕೆ ಹೋಗುತ್ತಿದ್ದರು, ಆನೆ ಸರಪಳಿಯಲ್ಲಿ ಮರ ಎಳೆಯುವುದನ್ನು ಹೇಳುತ್ತಿದ್ದರು. ಆನೆ ಇವತ್ತು ಎಳೆಯುವುದಿಲ್ಲ ಅಂದರೆ ಇಲ್ಲ, ಮಾವುತ ಬೈದರೂ ಇಲ್ಲ, ಅದೇ ಅದರ ಕೆಂಪು ಪಟ್ಟಿ.

ಆನೆಗಾದರೆ 60 ದಾಟಿದ ಮೇಲೆ ಭಾರ ಹೊರಿಸಬಾರದು ಅಂತ ಇದೆ. 2020ರಲ್ಲಿ ದಸರಾ ಅಂಬಾರಿ ಅರ್ಜುನನಿಂದ ಅಭಿಮನ್ಯುವಿಗೆ ಹೋಗಿದ್ದು ಅದಕ್ಕೇ. 750 ಕೆಜಿ ಅಂಬಾರಿ ಇಳಿಸಿದರು, ಕೆಲಸ ಮಾತ್ರ ಬಿಡಿಸಲಿಲ್ಲ. 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯಲು ಹೋಗಿ ಅರ್ಜುನ ಸತ್ತ. ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಯಂತ್ರದ ಮಾತಿನ ನಡುವೆ ಇದು ಸುಮ್ನೆ ಬಂತು, ಬೇಜಾರಾಗಬೇಡಿ.

ಮಾಜಿ ಏರ್‌ಮನ್, ಸೊಗಾನೆ ಕಡೆ

ಬೇಜಾರು ಎಂತದು ಅಕ್ಕ. ಆನೆಗೆ ಬಿಡಿಭಾಗ ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ. ಬಿಡಿಭಾಗ ಸಿಗದಿದ್ದರೆ ಹೆಲಿಕಾಪ್ಟರ್ ಕಥೆಯೂ ಮುಗಿಯಿತು, ಎಷ್ಟೇ ಗಟ್ಟಿ ಇರಲಿ. ನಮ್ಮ ಎಂಐ 26 ನೋಡಿ.

ಪ್ರಪಂಚದಲ್ಲಿ ಈಗ ಹಾರುವವುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. 1977ರಲ್ಲಿ ಮೊದಲು ಹಾರಿದ್ದು. ಖಾಲಿ ತೂಕವೇ 28 ಟನ್, ಮೇಲೆ 20 ಟನ್ ಹೊರುತ್ತದೆ. ಎಂಟು ಬ್ಲೇಡ್, ಸುತ್ತಿದರೆ 32 ಮೀಟರ್ ಅಗಲ. ನಿಮ್ಮ ಊರಿನ ಸಂತೆ ಮೈದಾನದಲ್ಲಿ ಇಳಿದರೆ ತಗಡಿನ ಶೆಡ್ ಎಲ್ಲ ತುಂಗಾ ನದಿಯಲ್ಲಿ ಹುಡುಕಬೇಕು. 1986ರ ಹೊತ್ತಿಗೆ ನಮಗೆ ಬಂದವು, ಬೆರಳೆಣಿಕೆಯಷ್ಟು. 2010ರಲ್ಲಿ ಒಂದು ಜಮ್ಮುವಿನಲ್ಲಿ ಬಿತ್ತು. 2013ರ ಪ್ರವಾಹದ ಮೇಲೆ ಕೇದಾರನಾಥಕ್ಕೆ ಮಣ್ಣು ತೆಗೆಯುವ ದೊಡ್ಡ ಯಂತ್ರ ಮುಟ್ಟಿಸಿದ್ದು ಇದೇ. 2002ರಲ್ಲಿ ಅಫ್ಘಾನಿಸ್ತಾನದಲ್ಲಿ ಕೆಟ್ಟು ಬಿದ್ದಿದ್ದ ಅಮೆರಿಕದ ಚಿನೂಕನ್ನೇ ಒಂದು ಎಂಐ 26 ಎತ್ತಿಕೊಂಡು ಹೋಯಿತು. ಆ ಫೋಟೋ ನೋಡಿದರೆ ಬೆಕ್ಕು ಮರಿ ಕಚ್ಚಿಕೊಂಡು ಹೋದ ಹಾಗಿದೆ.

ಅಂಥದ್ದು ಓವರ್‌ಹಾಲ್‌ಗೆ ಕಾಯುತ್ತಾ ನಿಂತುಬಿಟ್ಟಿತು. ಅದರ ಎಂಜಿನ್ ಡಿ 136, ತಯಾರಾಗುವುದು ಉಕ್ರೇನಿನ ಜಪೊರಿಝಿಯಾದಲ್ಲಿ. ಹೆಲಿಕಾಪ್ಟರ್ ತಯಾರಾಗುವುದು ರಷ್ಯಾದಲ್ಲಿ. 2014ರ ನಂತರ ಅವರಿಬ್ಬರ ಮಧ್ಯೆ ಏನಾಯಿತು ಅಂತ ಹೇಳಬೇಕಾಗಿಲ್ಲ. ರಷ್ಯಾದವರಿಗೇ ಬೇರೆ ಎಂಜಿನ್ ಮಾಡಿಕೊಳ್ಳುವ ಪರಿಸ್ಥಿತಿ ಬಂತು. ಗಂಡಿನ ಕಡೆ ಹೆಣ್ಣಿನ ಕಡೆ ಜಗಳ ಆದರೆ ಮದುವೆ ಛತ್ರದವನು ಏನು ಮಾಡಬೇಕು?

ಅಡಿಕೆಸಿಪ್ಪೆ

ಅಡ್ವಾನ್ಸ್ ವಾಪಸ್ ಕೊಡಬಾರದು.

ಆಟೋಕಾಂಪ್ಲೆಕ್ಸ್

ಏರ್‌ಮನ್ ಸರ್ ಹೇಳಿದ್ದು ನೂರಕ್ಕೆ ನೂರು. ನನ್ನ ಹತ್ತಿರ ಬರುವ ಹಳೇ ಗಾಡಿಗಳಲ್ಲಿ ಅರ್ಧಕ್ಕರ್ಧ ಸಾಯುವುದು ಕೆಟ್ಟಿದ್ದಕ್ಕಲ್ಲ, 40 ರೂಪಾಯಿಯ ರಬ್ಬರ್ ಸಿಗದಿದ್ದಕ್ಕೆ. ಸಿಕ್ಕರೂ ಡೂಪ್ಲಿಕೇಟ್. ಅದನ್ನೇ ಹಾಕಿ ಗಾಡಿ ಕಳಿಸಿದರೆ ರಿಪ್ಪನ್‌ಪೇಟೆ ದಾಟುವ ಮೊದಲೇ ಫೋನ್ ಬರುತ್ತದೆ.

ಮಾಜಿ ಏರ್‌ಮನ್, ಸೊಗಾನೆ ಕಡೆ

2022ರಲ್ಲಿ ಇದೇ ಆಯಿತು ತಮ್ಮಾ. ಅಮೆರಿಕದ ಸೈನ್ಯ ತನ್ನ ಚಿನೂಕ್‌ಗಳನ್ನೆಲ್ಲ ಕೆಲವು ದಿನ ನೆಲದಲ್ಲಿ ನಿಲ್ಲಿಸಿತು. ಎಂಜಿನ್ನಿಗೆ ಬೆಂಕಿ ತಗುಲುತ್ತಿತ್ತು, ಇಂಧನ ಸೋರಿ. ಕಾರಣ ಓ ರಿಂಗ್, ಸೋರದಂತೆ ಕೂರಿಸುವ ರಬ್ಬರ್ ಉಂಗುರ. ಬೇಕಾದ ಗುಣಮಟ್ಟದ್ದಲ್ಲದ ಓ ರಿಂಗ್ ಕೆಲವು ಎಂಜಿನ್‌ಗಳೊಳಗೆ ಸೇರಿಕೊಂಡಿತ್ತು.

ಇನ್ನೊಂದು, 2014ರ ಜನವರಿ. ಅಮೆರಿಕ ನೌಕಾಪಡೆಯ ಎಂಎಚ್ 53, ಅದೂ ಹಳೇ ದೈತ್ಯ, ವರ್ಜೀನಿಯಾ ಸಮುದ್ರದಲ್ಲಿ ಬಿತ್ತು. ಒಳಗೆ ಒಂದು ವೈರ್ ಕಟ್ಟು ಇಂಧನದ ಪೈಪಿಗೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಇನ್ಸುಲೇಶನ್ ಹೋಗಿ ಕಿಡಿ ಹಾರಿ ಬೆಂಕಿ. ವಯಸ್ಸಾದ ಹೆಲಿಕಾಪ್ಟರ್‌ನಲ್ಲಿ ನಾನು ಹೆದರುವುದು ಇಂಥದ್ದಕ್ಕೆ. ಬ್ಲೇಡ್, ಗೇರ್, ಎಂಜಿನ್ನಿಗೆ ಲೆಕ್ಕ ಇದೆ, ಕಾರ್ಡ್ ಇದೆ. ವೈರಿಗೆ, ಕ್ಲಾಂಪಿಗೆ, ನೆಲದ ತಗಡಿನ ಕೆಳಗೆ ನೀರು ನಿಲ್ಲುವ ಮೂಲೆಗೆ ಯಾರೂ ಗಂಟೆ ಬರೆಯುವುದಿಲ್ಲ. ಅಲ್ಲಿ ಮಾತ್ರ ವರ್ಷ ಅನ್ನುವುದು ನಿಜವಾಗಿ ವರ್ಷವೇ. ತುಕ್ಕು ಹಾರಿದರೂ ಹಿಡಿಯುತ್ತದೆ, ನಿಂತರೂ ಹಿಡಿಯುತ್ತದೆ, ನಿಂತರೆ ಜಾಸ್ತಿ.

ಎರಕದಮನೆ, ಭದ್ರಾವತಿ

ಬಿಡಿಭಾಗ ನಿಂತ ಮೇಲೂ ಬದುಕಿದ ಉದಾಹರಣೆ ಒಂದಿದೆ ಸರ್, ಸ್ಕೈಕ್ರೇನ್. ಮಿಡತೆ ತರಹ ಇರುತ್ತದಲ್ಲ, ಹೊಟ್ಟೆಯೇ ಇಲ್ಲದ್ದು. 1962ರಲ್ಲಿ ಹಾರಿದ್ದು, ನೂರರ ಆಸುಪಾಸು ಮಾಡಿ ನಿಲ್ಲಿಸಿದರು. ಹಿಂದಕ್ಕೆ ಮುಖ ಮಾಡಿ ಕೂರುವ ಮೂರನೇ ಪೈಲಟ್ ಸೀಟು ಇದೆ ಅದರಲ್ಲಿ, ಭಾರವನ್ನು ಕಣ್ಣಲ್ಲಿ ನೋಡುತ್ತಾ ಇಳಿಸಲು. 1975ರಲ್ಲಿ ಟೊರಾಂಟೊದ ಸಿಎನ್ ಟವರ್ ತುದಿಯ ಆಂಟೆನಾ ತುಂಡು ತುಂಡಾಗಿ ಏರಿಸಿದ್ದು ಅದೇ. 1992ರಲ್ಲಿ ಎರಿಕ್ಸನ್ ಅನ್ನುವ ಕಂಪನಿ ಹೆಲಿಕಾಪ್ಟರ್ ಮಾತ್ರ ಅಲ್ಲ, ಆ ಮಾದರಿಯ ಹಕ್ಕುಪತ್ರವನ್ನೇ ಕೊಂಡುಕೊಂಡಿತು. ಡ್ರಾಯಿಂಗ್ ಅವರದ್ದೇ, ಭಾಗ ಅವರೇ ಮಾಡಿಕೊಳ್ಳುತ್ತಾರೆ. ಈಗ ಹೊಟ್ಟೆಗೆ 10,000 ಲೀಟರ್ ಟ್ಯಾಂಕ್ ಕಟ್ಟಿ ಕಾಡ್ಗಿಚ್ಚಿಗೆ ಓಡಿಸುತ್ತಾರೆ. ಸೊಂಡಿಲು ಇಳಿಬಿಟ್ಟು ಕೆರೆಯಿಂದ ಮುಕ್ಕಾಲು ನಿಮಿಷದಲ್ಲಿ ತುಂಬಿಸಿಕೊಳ್ಳುತ್ತದೆ.

ಡ್ರಾಯಿಂಗ್ ಇದ್ದರೆ ನಮ್ಮಂಥವರು ಎರಕ ಹೊಯ್ದು ಕೊಡಬಹುದು. ಇಲ್ಲದಿದ್ದರೆ ಹಳೇ ತುಂಡು ನೋಡಿ ಅಚ್ಚು ಮಾಡಬೇಕು, ಅಳತೆ ಬರುತ್ತದೆ, ಆದರೆ ಯಾವ ಲೋಹ, ಎಷ್ಟು ಕಾಯಿಸಿದ್ದರು, ಹೇಗೆ ತಣಿಸಿದ್ದರು ಅನ್ನುವುದು ನೋಡಿದರೆ ಗೊತ್ತಾಗುವುದಿಲ್ಲ.

ಗಾಜನೂರು ಹಿನ್ನೀರು

2019ರಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಏರ್ ಫೋರ್ಸ್‌ನ ಎಂಐ 17 ಬಕೆಟ್ ನೇತುಹಾಕಿಕೊಂಡು ನೀರು ಹೊಯ್ದಿತ್ತು. ಇಷ್ಟು ದೊಡ್ಡದು ಇದ್ದಿದ್ದರೆ ಅನ್ನಿಸುತ್ತದೆ.

ಹಳೇಜೀಪು, ತೀರ್ಥಹಳ್ಳಿ

ಇಷ್ಟೆಲ್ಲ ಓದಿ ನಿನ್ನೆ ರಾತ್ರಿ ಅಟ್ಟ ಹತ್ತಿ ಅಪ್ಪನ ಹಳೇ ಡೈರಿಗಳನ್ನು ಇಳಿಸಿದೆ. ಅಡಿಕೆ ಲೆಕ್ಕದ ನಡುವೆ ಜೀಪಿನ ಖರ್ಚೂ ಬರೆದಿಟ್ಟಿದ್ದಾರೆ! 1994ರಲ್ಲಿ ಎಂಜಿನ್ ಬದಲು. ನಾವೆಲ್ಲ ಇದೇ ಒರಿಜಿನಲ್ ಎಂಜಿನ್ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದು. 1999ರಲ್ಲಿ ಗೇರ್‌ಬಾಕ್ಸ್, "ಹಳೇದು, ಸಾಗರದಿಂದ". 2003ರಲ್ಲಿ ಹಿಂದಿನ ಆಕ್ಸಲ್. ಬಾಡಿಗೆ ಎರಡು ಸಲ ತಗಡು. ಟಾಪ್ ಎಷ್ಟು ಸಲ ಅಂತ ಎಣಿಸಲಿಲ್ಲ. ಹಾಗಾದರೆ 1987ರದ್ದು ಅಂತ ಉಳಿದಿರುವುದು ಚಾಸಿ ಮಾತ್ರ. ಅದರ ಮೇಲೆ ಕೊರೆದ ನಂಬರು.

ಮಾಜಿ ಏರ್‌ಮನ್, ಸೊಗಾನೆ ಕಡೆ

ನಿಮ್ಮ ತಂದೆಯವರು ನಮ್ಮ ಯೂನಿಟ್‌ನಲ್ಲಿ ಇರಬೇಕಿತ್ತು. ಆ ಡೈರಿ ಜೋಪಾನ. ಗೇರ್‌ಬಾಕ್ಸ್ ಆಯಿಲ್ ಬದಲಿಸುವಾಗ ಆಯಿಲ್ ಒಳಗೊಂದು ಅಯಸ್ಕಾಂತ ಆಡಿಸಿ ನೋಡಿ. ಹೆಲಿಕಾಪ್ಟರ್ ಗೇರ್‌ಬಾಕ್ಸ್‌ನಲ್ಲಿ ಹೀಗೇ ಒಂದು ಅಯಸ್ಕಾಂತದ ಪ್ಲಗ್ ಇರುತ್ತದೆ, ಲೋಹದ ಚೂರು ಅಂಟಿದರೆ ಪೈಲಟ್ ಎದುರು ಲೈಟ್ ಹತ್ತುತ್ತದೆ. ಬೂದಿ ಹಾಗೆ ನುಣ್ಣಗಿದ್ದರೆ ಪರವಾಗಿಲ್ಲ. ಚೂರು ಸಿಕ್ಕರೆ ಓಡಿಸಬೇಡಿ.

ಮತ್ತೆ ಚಾಸಿ. ಹಿಂದಿನ ಸ್ಪ್ರಿಂಗ್ ಶ್ಯಾಕಲ್ ಕೂರುವ ಜಾಗ, ಒಳಮೈ. ನಿಮ್ಮ ಕಡೆ ಮಳೆಗೆ ಅಲ್ಲಿ ಕೆಸರು ಸೇರಿ ಒಣಗುವುದೇ ಇಲ್ಲ. ಮೇಲಿನ ಪೇಂಟ್ ನಂಬಬೇಡಿ. ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಿ ನೋಡಿದ್ದೀರಾ?

ಹಳೇಜೀಪು, ತೀರ್ಥಹಳ್ಳಿ

ಈಗ ನೋಡಿ ಬಂದೆ ಸರ್. ಎಡಗಡೆ ಗಟ್ಟಿ ಇದೆ. ಬಲಗಡೆ ಒಳಗೆ ಹೋಯಿತು.

ಮಾಜಿ ಏರ್‌ಮನ್, ಸೊಗಾನೆ ಕಡೆ

ಎಷ್ಟು?

ಹಳೇಜೀಪು, ತೀರ್ಥಹಳ್ಳಿ

ಹಿಡಿ ತನಕ.

ಆಟೋಕಾಂಪ್ಲೆಕ್ಸ್

ಓಡಿಸಿಕೊಂಡು ಬರಬೇಡಿ ಅಣ್ಣ. ನಾನೇ ವೆಲ್ಡರ್ ಕರೆದುಕೊಂಡು ಭಾನುವಾರ ಬರುತ್ತೇನೆ. ಡೈರಿ ಕೆಳಗೇ ಇಟ್ಟಿರಿ, ಯಾವ ಆಕ್ಸಲ್ ಅಂತ ನೋಡಬೇಕು.